ಪೊರಕೆ ಕಡ್ಡಿಯಷ್ಟು ಜಾಗ

ಇಸ್ತ್ರಿಗೆ ಕೊಟ್ಟಿದ್ದ ಅಂಗಿಗಳು ನಿನ್ನೆ ಸಂಜೆ ವಾಪಸು ಬಂದವು. ಮಡಿಸಿದ ಅಂಗಿಗಳ ಮೇಲೆ, ಪ್ರಸಾದ ಇಟ್ಟ ಹಾಗೆ, ತೆಂಗಿನ ಪೊರಕೆ ಕಡ್ಡಿಯ ಒಂದು ತುಂಡು. ಎರಡು ಬೆರಳು ಜೋಡಿಸಿ ಹಿಡಿದರೆ ಎಷ್ಟು ಅಗಲವೋ ಅಷ್ಟೇ ಉದ್ದ.

"ಜೇಬಲ್ಲಿತ್ತು ಸಾರ್," ಎಂದರು ಇಸ್ತ್ರಿ ಗಾಡಿಯ ಕೃಷ್ಣಪ್ಪ. "ಬಿಸಾಕೋಣ ಅಂತಿದ್ದೆ. ಪೇಪರ್‌ನಲ್ಲಿದ್ದೋರು, ಏನಾದ್ರೂ ಕಾರಣ ಇರುತ್ತೆ ಅಂತ ಎತ್ತಿಟ್ಟೆ."

ಪತ್ರಿಕೆಯ ಕೆಲಸದಿಂದ ನಾನು ನಿವೃತ್ತನಾಗಿ ಸಾಕಷ್ಟು ಕಾಲವಾಯಿತು. ನನ್ನ ಜೇಬಿನ ಕಸಕ್ಕೂ ಕಾರಣವಿದ್ದೀತು ಎಂದು ನಂಬುವ ಒಬ್ಬರು ಚಾಮರಾಜಪೇಟೆಯಲ್ಲಿ ಇನ್ನೂ ಉಳಿದಿದ್ದಾರೆ ಎನ್ನುವುದು ಸಮಾಧಾನದ ವಿಷಯ. ಕಾರಣ ಇದ್ದದ್ದೂ ನಿಜ. ಆ ಕಡ್ಡಿಯನ್ನು ಅಂಗಿಯ ಜೇಬಿನಲ್ಲಿ, ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ನಾನು ಈ ದಸರೆಯ ಮುಂಚೆ ಕಾರಿನ ಚಕ್ರ ಕೊಳ್ಳಲು ಹೋಗಿದ್ದೆ.

ಅದು ನನ್ನ ಅಣ್ಣ ಮುರಿದುಕೊಟ್ಟ ಅಳತೆ. ಅಣ್ಣ, ಅತ್ತಿಗೆ, ಅವರ ಮಗಳು ವಸುಧಾ ಇರುವುದು ಮಲ್ಲೇಶ್ವರದ ನಮ್ಮ ಹಳೆಯ ಮನೆಯಲ್ಲಿ. ಸಂಪಿಗೆ ರಸ್ತೆಯ ಗದ್ದಲದಿಂದ ಒಂದು ಕ್ರಾಸ್ ಒಳಕ್ಕೆ ತಿರುಗಿದರೆ ಸಿಗುತ್ತದೆ. ಆ ಮನೆಯ ಗೇಟಿಗೆ ಎರಡು ಕಲ್ಲುಕಂಬಗಳು. ಒಂದೊಂದು ಕಂಬದ ಬುಡದಲ್ಲಿಯೂ ಹೊಟ್ಟೆ ಉಬ್ಬಿದ ಒಂದು ಗುಂಡುಕಲ್ಲು ಹೂತಿದೆ. ಜಟಕಾಗಳ ಕಾಲದಲ್ಲಿ ಗಾಡಿಯ ಚಕ್ರ ಕಂಬಕ್ಕೆ ಉಜ್ಜದಿರಲಿ ಎಂದು ಇಡುತ್ತಿದ್ದ ಕಲ್ಲು. ಗೇಟಿನಿಂದ ಶೆಡ್ಡಿನವರೆಗೆ ಎರಡು ಸಾಲು ಚಪ್ಪಡಿ. ಕಾರು ಅವುಗಳ ಮೇಲೆ ಬರಬೇಕು. ನಡುವಿನ ಮಣ್ಣಿನಲ್ಲಿ ಅಮ್ಮ ಗಣೇಶನ ಪೂಜೆಗೆಂದು ಗರಿಕೆ ಬೆಳೆಸಿದ್ದಳು. ಅದು ಈಗಲೂ ತನ್ನ ಪಾಡಿಗೆ ಬೆಳೆಯುತ್ತದೆ.

ಆ ಚಪ್ಪಡಿಗಳನ್ನು ಗಮನಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಟೈರು ಓಡಾಡಿ ಓಡಾಡಿ ಕಲ್ಲು ನುಣುಪಾಗಿ ಕಪ್ಪಾದ ಪಟ್ಟಿ ಚಪ್ಪಡಿಯ ಮಧ್ಯದಲ್ಲಿ ಇಲ್ಲ. ಬೀದಿಯಿಂದ ಒಳಗೆ ಬರುವಾಗ ಬಲಕ್ಕೆ ಬರುವ ಅಂಚಿನಲ್ಲಿ ಇದೆ, ಎರಡೂ ಸಾಲಿನಲ್ಲಿ. ಅಪ್ಪ ಬಲಕ್ಕೆ ಒತ್ತಿ ಕಾರು ತರುತ್ತಿದ್ದರು. ಅಣ್ಣನೂ ಹಾಗೆಯೇ ತರುತ್ತಿದ್ದ. ನಾನು ಕಾರು ಕಲಿತ ಅಲ್ಪಾವಧಿಯಲ್ಲಿ ನಾನೂ ಹಾಗೆಯೇ ತಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೆಲವು ಮನೆಗಳಲ್ಲಿ ಸಾರಿಗೆ ಬೆಲ್ಲ ಹಾಕುತ್ತಾರೆ, ಕೆಲವು ಮನೆಗಳಲ್ಲಿ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಕಾರು ಬಲಕ್ಕೆ ಬರುತ್ತದೆ.

ಕಾರು ಅಪ್ಪ ಕೊಂಡದ್ದು, ತಿಳಿನೀಲಿ ಬಣ್ಣದ್ದು. ಅದರ ಉಕ್ಕಿನ ಚಕ್ರಗಳಿಗೆ ಬೋಗುಣಿ ಕವುಚಿದಂತೆ ಹೊಳೆಯುವ ಮುಚ್ಚಳಗಳಿದ್ದವು. ಆ ಮುಚ್ಚಳದಲ್ಲಿ ಮುಖ ನೋಡಿಕೊಂಡರೆ ಮೂಗೊಂದೇ ಕಾಣುತ್ತಿತ್ತು. ನಾನು ಹಲವು ವರ್ಷ ನನ್ನ ಮೂಗಿನ ಬಗ್ಗೆ ತಪ್ಪು ಅಭಿಪ್ರಾಯ ಇಟ್ಟುಕೊಂಡದ್ದು ಅದರಿಂದಲೇ. ಒಮ್ಮೆ ಮೆಜೆಸ್ಟಿಕ್ಕಿನಿಂದ ಬರುವಾಗ ಉಪ್ಪಾರಪೇಟೆಯ ತಿರುವಿನಲ್ಲಿ ಒಂದು ಮುಚ್ಚಳ ಕಳಚಿ, ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಉರುಳಿ, ಒಂದು ಲಾಡ್ಜಿನ ಒಳಗೆ ಹೋಯಿತು. ಕೆಮಿಸ್ಟ್ರಿ ಮೇಷ್ಟ್ರಾಗಿದ್ದ ಅಪ್ಪ ಹಿಂದೆಯೇ ನುಗ್ಗಿದರು. ಕೌಂಟರಿನಲ್ಲಿದ್ದವನು ತಲೆ ಎತ್ತದೆ, "ಸಿಂಗಲ್ಲಾ ಡಬಲ್ಲಾ ಸಾರ್?" ಎಂದನಂತೆ. ಅಪ್ಪ, "ಒಂದೇ ಬಂದಿದ್ದು, ಇಲ್ಲೇ ಎಲ್ಲೋ ಒಳಗೆ ಹೋಯ್ತು," ಎಂದರಂತೆ. ಮುಚ್ಚಳ ಸಿಕ್ಕಿತು. ಅಮ್ಮ ಮಾತ್ರ, "ಉಪ್ಪಾರಪೇಟೆ ಲಾಡ್ಜಿಗೆ ಹೋಗಿದ್ದೆ ಅಂತ ನಮ್ಮಣ್ಣನ ಮುಂದೆ ಬಾಯಿ ಬಿಡಬೇಡಿ," ಎಂದು ತಾಕೀತು ಮಾಡಿದಳು.

ಅಪ್ಪನ ನಂತರ ಆ ಕಾರನ್ನು ಅಣ್ಣ ಓಡಿಸಿದ. ಮಂಡಿಯ ಆಪರೇಷನ್ ಆದ ಮೇಲೆ ಬಿಟ್ಟ. ಕಾರು ಶೆಡ್ಡಿನಲ್ಲಿ ಹೊದಿಕೆ ಹೊದ್ದು ಕೂತಿತು. ಬೆಕ್ಕುಗಳು ಅದರ ಕೆಳಗೆ ಸಂಸಾರ ಹೂಡಿದವು. ಈ ವರ್ಷ ವಸುಧಾ, "ಇನ್ಮೇಲೆ ಇದನ್ನ ನಾನು ಓಡಿಸ್ತೀನಿ," ಎಂದು ಅದನ್ನು ಗ್ಯಾರೇಜಿಗೆ ಕಳಿಸಿದಳು. ವಸುಧಾ ಹಲ್ಲಿನ ಡಾಕ್ಟರು. ಕೀಳುವುದಕ್ಕಿಂತ ಉಳಿಸುವುದರಲ್ಲಿ ಅವಳಿಗೆ ನಂಬಿಕೆ ಹೆಚ್ಚು. ಎಂಜಿನ್ನು ಉಸಿರಾಡಿತು, ಬ್ರೇಕು ಹಿಡಿಯಿತು. ಚಕ್ರಗಳು ಮಾತ್ರ ತುಕ್ಕು ಹಿಡಿದಿದ್ದವು, ಇವಕ್ಕೆ ಟೈರು ಕೂರಿಸುವುದಿಲ್ಲ ಎಂದು ಗ್ಯಾರೇಜಿನವರು ಕೈಯೆತ್ತಿದರು. ಅದೇ ಬಗೆಯ ಹಳೆಯ ಚಕ್ರ ಎಲ್ಲಿಯೂ ಸಿಗಲಿಲ್ಲ. ಈಗ ಬರುವ ಅಲಾಯ್ ಚಕ್ರಗಳಲ್ಲಿ ಹೊಂದುವುದನ್ನು ಹುಡುಕಬೇಕಾಯಿತು.

ಇದು ಅಣ್ಣನಿಗೆ ಹಿಡಿಸಲಿಲ್ಲ. ಹೊಸ ಚಕ್ರ ಅಗಲವಾಗಿರುತ್ತದೆ, ಗುಂಡುಕಲ್ಲಿಗೆ ಉಜ್ಜುತ್ತದೆ ಎಂಬುದು ಅವನ ವಾದ. ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಉಳಿದಿದ್ದ ಸ್ಟೆಪ್ನಿಯನ್ನು ನನ್ನ ಕೈಯಲ್ಲಿ ಉರುಳಿಸಿ ತರಿಸಿ, ಗೇಟಿನ ಬಳಿ ಬಲ ಚಪ್ಪಡಿಯ ನುಣುಪು ಪಟ್ಟಿಯ ಮೇಲೆ ನಿಲ್ಲಿಸಿದ. ಟೈರಿಗೂ ಬಲಗಡೆಯ ಗುಂಡುಕಲ್ಲಿಗೂ ಮಧ್ಯೆ ಪೊರಕೆ ಕಡ್ಡಿ ಹಿಡಿದು ಸರಿಯಾಗಿ ಅಷ್ಟಕ್ಕೆ ಮುರಿದ.

"ಹೊಸ ಚಕ್ರ ಹಾಕಿದ ಮೇಲೂ ಈ ಕಡ್ಡಿ ಇಲ್ಲಿ ಹಿಡೀಬೇಕು," ಎಂದ. "ಹಿಡೀಲಿಲ್ವಾ, ಕಾರು ಒಳಗೆ ಬರೋದು ಬೇಡ."

"ಬೀದೀಲಿ ನಿಲ್ಸೋಕೆ ಜಾಗ ಎಲ್ಲಿದೆ ಅಪ್ಪ?" ಎಂದಳು ವಸುಧಾ.

"ಬೀದೀಲಿ ಯಾಕೆ? ಮದುವೆಗೆ ಹಳೇ ಕಾರು ಬಾಡಿಗೆಗೆ ಬಿಡೋನು ಒಬ್ಬ ಕೇಳ್ತಾ ಇದಾನೆ. ಕೊಟ್ಬಿಡ್ತೀನಿ."

ಅವನು ಹೇಳಿದರೆ ಮಾಡುವವನು. ಅತ್ತಿಗೆ ಅಡುಗೆಮನೆಯಿಂದ, "ಮೊದ್ಲು ಆ ಪೊರಕೆಗೆ ಮಿಕ್ಕಿದ ಕಡ್ಡೀನ ವಾಪಸ್ ಸಿಕ್ಸಿ," ಎಂದರು. ಕಾರು ಉಳಿಯುವುದು ಬಿಡುವುದು ಎರಡು ಬೆರಳಿನ ಕಡ್ಡಿಯ ಮೇಲೆ ನಿಂತಿತು.

ನಾನೂ ವಸುಧಾಳೂ ಹೋದ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಚಕ್ರಗಳು ನೆಲದಿಂದ ಸೂರಿನವರೆಗೆ ನೇತಾಡುತ್ತಿದ್ದವು. ಮಾಲೀಕರು ಬಸವರಾಜಪ್ಪ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಹಿಂದಿನ ಗೋಡೆಯಲ್ಲಿ ಪೇಟೆಯಲ್ಲಿ ಗಾಡಿಪಟ್ಟಿ ಮಾರುತ್ತಿದ್ದ ತಾತನ ಫೋಟೋ. ತಾತ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಮಾರಿದರು, ಮೊಮ್ಮಗ ಕಾರಿಗೆ ಅಲಾಯ್ ಮಾರುತ್ತಾರೆ. ಮನೆತನ ಚಕ್ರ ಬಿಟ್ಟು ಆಚೆ ಹೋಗಿಲ್ಲ.

"ಇದು ನೋಡಿ ಮೇಡಂ," ಎಂದು ಒಂದನ್ನು ಇಳಿಸಿದರು. "ಅಗಲಾನೂ ಜಾಸ್ತಿ, ಹೊರಗೂ ಬರುತ್ತೆ. ರೋಡಲ್ಲಿ ಹೋಗ್ತಿದ್ರೆ ತಿರುಗಿ ನೋಡ್ಬೇಕು."

"ಉಬ್ಬಲ್ಲು," ಎಂದಳು ವಸುಧಾ.

"ಏನಂದ್ರಿ ಮೇಡಂ?"

"ಇಂಥದ್ದು ನನ್ನ ಹತ್ರ ಬಂದ್ರೆ ಕ್ಲಿಪ್ ಹಾಕಿ ಒಳಗೆ ತಳ್ತೀನಿ."

ಬಸವರಾಜಪ್ಪನವರು ಬಾಯಿ ಮುಚ್ಚಿಕೊಂಡು ನಕ್ಕರು. ಹಲ್ಲಿನ ಡಾಕ್ಟರ ಮುಂದೆ ಜನ ಹಾಗೆಯೇ ನಗುತ್ತಾರೆ.

ಚಕ್ರದ ಅಂಗಡಿಯವರು ಆಫ್‌ಸೆಟ್ ಎನ್ನುವುದು ನನಗೆ ಅರ್ಥವಾಗಿದ್ದು ಆ ಉಬ್ಬಲ್ಲಿನಿಂದ. ಚಕ್ರದ ಅಗಲ ಎಂದರೆ ಹಲ್ಲಿನ ಗಾತ್ರ. ಆಫ್‌ಸೆಟ್ ಎಂದರೆ ಆ ಹಲ್ಲು ದವಡೆಯಲ್ಲಿ ಮುಂದೆ ಕೂತಿದೆಯೋ ಹಿಂದೆ ಕೂತಿದೆಯೋ ಎಂಬುದು. ಚಕ್ರದ ನಟ್ಟನಡುವಿನ ಗೆರೆಗೂ ಬೋಲ್ಟು ಬಿಗಿಯುವ ಮುಖಕ್ಕೂ ಇರುವ ದೂರ ಅದು. ಚಕ್ರದ ಒಳಮೈಯಲ್ಲಿ ಅಚ್ಚೊತ್ತಿರುತ್ತದೆ. ಅಂಕಿ ಹೆಚ್ಚಾದಷ್ಟು ಚಕ್ರ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟು ಹೊರಕ್ಕೆ. ನಾನು ಇದನ್ನು ಪತ್ರಿಕೆಯ ಪುಟಕ್ಕೆ ಹೋಲಿಸಿಕೊಂಡೆ. ಅಂಕಣ ಎಷ್ಟು ಅಗಲ ಎಂಬುದು ಒಂದು ವಿಷಯ, ಅಂಚಿನಿಂದ ಎಷ್ಟು ಒಳಗೆ ಅದನ್ನು ಕೂರಿಸುತ್ತೀರಿ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಅಕ್ಷರ ಮಡಿಕೆಯೊಳಗೆ ಹೋಗುತ್ತದೆ ಅಥವಾ ಕತ್ತರಿಗೆ ಸಿಗುತ್ತದೆ. ಈ ಹೋಲಿಕೆಯನ್ನು ಬಸವರಾಜಪ್ಪನವರಿಗೆ ವಿವರಿಸಿದೆ. ಅವರು ಮರ್ಯಾದೆಯಿಂದ ಕೇಳಿ, "ಕಾಫಿ ಹೇಳ್ಲಾ ಸಾರ್?" ಎಂದರು.

ನಮ್ಮ ಕಾರಿನ ಬೋಲ್ಟುಗಳಿಗೆ ಹೊಂದುವ ಚಕ್ರಗಳಲ್ಲಿ ಒಂದು ತೀರ ಒಳಕ್ಕೆ ಕೂರುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೆ ಒಳಗಿನ ಭಾಗಕ್ಕೆ ತಗಲುತ್ತಿತ್ತು. ಆ ಉಬ್ಬಲ್ಲು, ಹಿಂದಿನ ಸೀಟಿನಲ್ಲಿ ಜನ ಕೂತರೆ ಮಡ್ಗಾರ್ಡಿಗೆ ಉಜ್ಜುತ್ತಿತ್ತು. ಮೂರನೆಯದು ಸರಳವಾದದ್ದು, ಬೂದು ಬಣ್ಣ, ಅತಿಯಾದ ಹೊಳಪಿಲ್ಲ. ವಸುಧಾ ಅದನ್ನು ನೋಡಿದ ರೀತಿಯಲ್ಲಿಯೇ ಗೊತ್ತಾಯಿತು. ಹಳೆಯದಕ್ಕಿಂತ ಸ್ವಲ್ಪ ಅಗಲ. ಅಗಲ, ಆಫ್‌ಸೆಟ್ ಎರಡನ್ನೂ ಲೆಕ್ಕ ಹಾಕಿದರೆ ಒಂದು ಬೆರಳಿನಷ್ಟು ಆಚೆ ಬರುತ್ತದೆ. ಕಾರಿನ ಮೈಗೆ ಅದು ಸರಿ.

ನಾನು ಜೇಬಿನಿಂದ ಕಡ್ಡಿ ತೆಗೆದು ಗಾಜಿನ ಕೌಂಟರ್ ಮೇಲೆ ಇಟ್ಟೆ. ಗೇಟಿನ ಕಥೆ ಹೇಳಿದೆ. ಎರಡು ಬೆರಳಿನಲ್ಲಿ ಒಂದು ಬೆರಳು ಚಕ್ರ ತಿಂದರೆ ಕಡ್ಡಿ ಹಿಡಿಯುವುದಿಲ್ಲ.

ಬಸವರಾಜಪ್ಪನವರು ಕಡ್ಡಿಯನ್ನು ತಿರುಗಿಸಿ ನೋಡಿದರು. "ಚಕ್ರ ತಗೊಳ್ಳೋಕೆ ಕಾರು ತರ್ತಾರೆ, ಫೋಟೋ ತರ್ತಾರೆ. ಪೊರಕೆ ಯಾರೂ ತಂದಿರಲಿಲ್ಲ ಸಾರ್. ಸರಿ, ಇದು ಬಲಗಡೆ. ಎಡಗಡೆ ಕಡ್ಡಿ ಎಲ್ಲಿ?"

ಎಡಗಡೆ ಕಡ್ಡಿ ಇರಲಿಲ್ಲ. ಎಡಗಡೆಯನ್ನು ಅಣ್ಣ ಅಳೆದಿರಲಿಲ್ಲ. ಪಕ್ಕದಲ್ಲಿ ಸ್ಟೆಪ್ನಿ ಹಿಡಿದು ನಿಂತಿದ್ದ ನನಗೂ ಅದು ಹೊಳೆದಿರಲಿಲ್ಲ. ವರದಿ ತಂದ ಹೊಸಬರನ್ನೆಲ್ಲ, "ಎರಡೂ ಕಡೆಯವರನ್ನ ಕೇಳಿದೀಯಾ?" ಎಂದು ಗದರಿಸಿ ಕಳಿಸುವುದೇ ನನ್ನ ವೃತ್ತಿಯಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು.

"ಯಾಕೆ ಚಿಕ್ಕಪ್ಪ ಎಡಗಡೆ ನೋಡ್ಲಿಲ್ಲ?" ಎಂದಳು ವಸುಧಾ.

"ಎಡಗಡೆ ಮುನಿಯಮ್ಮನ ಬುಟ್ಟಿ ಇರುತ್ತಲ್ಲ," ಎಂದೆ.

ಮಾತು ತಾನಾಗಿ ಬಂದಿತ್ತು. ವಸುಧಾ ನನ್ನನ್ನೇ ನೋಡಿದಳು. "ಯಾವ ಮುನಿಯಮ್ಮ?"

"ಬಾಡಿಗೆಗಿದಾರಾ ಸಾರ್?" ಎಂದು ವಿಚಾರಿಸಿದರು ಬಸವರಾಜಪ್ಪ.

ಮುನಿಯಮ್ಮ ಹೂವಿನವಳು. ವಸುಧಾ ಹುಟ್ಟುವ ಮೊದಲೇ ತೀರಿಕೊಂಡಳು. ನಮ್ಮ ಎಡಗಡೆಯ ಕಂಬಕ್ಕೆ ಬೆನ್ನು ಕೊಟ್ಟು, ಬುಟ್ಟಿಯನ್ನು ಗುಂಡುಕಲ್ಲಿಗೆ ಆನಿಸಿ ಬೆಳಗಿನ ಹೊತ್ತು ಕೂರುತ್ತಿದ್ದಳು. ಕೂರಲು ಅವಳನ್ನು ಯಾರೂ ಕರೆದಿರಲಿಲ್ಲ, ಏಳಲು ಯಾರೂ ಹೇಳಲಿಲ್ಲ. ಬುಟ್ಟಿಯ ಅರ್ಧಭಾಗ ಗೇಟಿನ ದಾರಿಗೆ ಚಾಚಿರುತ್ತಿತ್ತು. ಒದ್ದೆ ಬಾಳೆಯೆಲೆಯ ಮೇಲೆ ಮಲ್ಲಿಗೆ, ಕನಕಾಂಬರ, ಕಾಲ ಬಂದಾಗ ಸೇವಂತಿಗೆ. ನಮ್ಮ ಗೇಟು ತೆರೆದರೆ ಮೊದಲು ಬರುತ್ತಿದ್ದುದು ಅವಳು ಹೂವಿನ ಜೊತೆ ಕಟ್ಟುತ್ತಿದ್ದ ಮರುಗದ ವಾಸನೆ. ಈಗಲೂ ಎಲ್ಲಿಯಾದರೂ ಮರುಗ ಮೂಗಿಗೆ ಬಡಿದರೆ ನನ್ನ ಕೈ ಚಿಲಕ ಹುಡುಕುತ್ತದೆ.

ಹೂವನ್ನು ಅವಳು ಮೊಳದಲ್ಲಿ ಅಳೆಯುತ್ತಿದ್ದಳು.

"ನಿನ್ನ ಮೊಳ ದಿನೇ ದಿನೇ ಚಿಕ್ಕದಾಗ್ತಿದೆ ಕಣೇ," ಎನ್ನುತ್ತಿದ್ದಳು ಅಮ್ಮ.

"ವಯಸ್ಸಾಯ್ತಲ್ಲ ಅಮ್ಮಾವ್ರೇ, ಕೈ ಕುಗ್ತಾ ಇದೆ. ನಿಮ್ಮ ಜಡೆ ಇನ್ನೇನು ಉದ್ದ ಆಗ್ತಿದ್ಯಾ?"

ಅಮ್ಮ ಸೋತು ನಗುತ್ತಿದ್ದಳು.

ಅಪ್ಪನ ಕಾರು ಬೀದಿಯ ತುದಿಯಲ್ಲಿ ಕಂಡರೆ ಗೇಟು ತೆರೆಯುತ್ತಿದ್ದವಳು ಅವಳೇ. ಬುಟ್ಟಿ ಎತ್ತುತ್ತಿರಲಿಲ್ಲ. ಕೂತಲ್ಲಿಂದ ಕೈ ಬೀಸುತ್ತಿದ್ದಳು. "ಬರ್ಲಿ, ಬರ್ಲಿ. ಬಲಕ್ಕೆ ಸ್ವಾಮಿ, ಬಲಕ್ಕೆ. ನನ್ನ ಬುಟ್ಟಿ ಮೇಲೆ ಬಂದ್ರೆ ಇವತ್ತು ದೇವರಿಗಿಲ್ಲ, ನಿಮ್ಮ ಚಕ್ರಕ್ಕೇ ಪೂಜೆ." ಕೆಮಿಸ್ಟ್ರಿ ಮೇಷ್ಟ್ರು ಪ್ರಯೋಗಶಾಲೆಯಲ್ಲಿ ಆಸಿಡ್ಡು ಸುರಿಯುವಷ್ಟು ಎಚ್ಚರಿಕೆಯಿಂದ ಬಲಕ್ಕೆ ಸರಿದು ಬರುತ್ತಿದ್ದರು. ಬಲಗಡೆಯ ಕಲ್ಲಿಗೆ ಎರಡು ಬೆರಳು ಉಳಿಯುತ್ತಿತ್ತು. ಎಡಗಡೆ ಒಂದು ಬುಟ್ಟಿ.

ಅಣ್ಣ ಹೊಸದಾಗಿ ಕಾರು ಕಲಿತ ವರ್ಷ ಆಯುಧಪೂಜೆಯ ಬೆಳಿಗ್ಗೆ ಅದನ್ನು ಬೀದಿ ಕೊಳಾಯಿಯ ಹತ್ತಿರ ತೊಳೆಸಿಕೊಂಡು ಬರುತ್ತಾ ನೇರವಾಗಿ ಮಧ್ಯದಲ್ಲಿ ತಂದುಬಿಟ್ಟ. ಎಡಗಡೆಯ ಚಕ್ರ ಸೇವಂತಿಗೆಯ ಬುಟ್ಟಿಯ ಮೇಲೆ ಹತ್ತಿತು. ವರ್ಷದಲ್ಲಿ ಅವಳಿಗೆ ಅತಿ ಹೆಚ್ಚು ಹೂವು ಹೋಗುವ ದಿನ ಅದು.

"ಕಣ್ಣು ಹಣೆ ಮೇಲೈತಾ ಮರಿ?" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಬೈದಳು. ಅಣ್ಣ ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಬೈಯುವುದು ಮುಗಿದ ಮೇಲೆ ಅವಳು ಚಕ್ರದ ಕೆಳಗಿನಿಂದ ನಲುಗದ ಹೂವನ್ನು ಆರಿಸಿ ತೆಗೆದು, ಅಲ್ಲಿಯೇ ಕೂತು ಒಂದು ಮಾಲೆ ಕಟ್ಟಿ, ಕಾರಿನ ಮೂತಿಗೆ ಹಾಕಿದಳು. "ತಗೋ. ಮೊದಲ್ನೇ ಪೂಜೆ ಆಯ್ತು. ಇಳಿ ಕೆಳಗೆ." ಅವತ್ತು ಮಧ್ಯಾಹ್ನದವರೆಗೂ ಅಣ್ಣ ಅವಳ ಪಕ್ಕ ಕೂತು ದಾರ ಹಿಡಿದುಕೊಟ್ಟ. ಅಪ್ಪ ಹೇಳಿ ಕೂರಿಸಿದ್ದಲ್ಲ, ತಾನಾಗಿಯೇ ಕೂತ.

ಅದಾದ ಮೇಲೆ ಅಣ್ಣನ ಕಾರು ಎಡಕ್ಕೆ ಸರಿದದ್ದನ್ನು ನಾನು ನೋಡಿಲ್ಲ. ಮುನಿಯಮ್ಮ ಬರುವುದು ನಿಂತ ಮೇಲೂ ಸರಿಯಲಿಲ್ಲ. ಹೂವಿನಂಗಡಿಗಳೆಲ್ಲ ಮಾರ್ಕೆಟ್ಟಿನ ಕಡೆ ಹೋದವು, ಬೀದಿಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್‌ಗಳಾದವು, ಸಂಪಿಗೆ ರಸ್ತೆಗೆ ಮೆಟ್ರೋ ಬಂತು. ನಮ್ಮ ಗೇಟಿನಲ್ಲಿ ಕಾರು ಬಲಕ್ಕೇ ಬಂತು. ಅಣ್ಣ ಮುರಿದು ಕೊಟ್ಟ ಕಡ್ಡಿ ನಮ್ಮ ಗೇಟಿನ ಅಳತೆಯಾಗಿರಲಿಲ್ಲ. ಬುಟ್ಟಿಗೆ ಬಿಟ್ಟು ಮಿಕ್ಕ ಜಾಗದ ಅಳತೆಯಾಗಿತ್ತು.

ಇಷ್ಟನ್ನೂ ಕೌಂಟರಿನ ಮುಂದೆ ಕೂತು ಹೇಳಿ ಮುಗಿಸುವ ಹೊತ್ತಿಗೆ ಕಾಫಿ ಆರಿತ್ತು. ಬಸವರಾಜಪ್ಪನವರು ಬೂದು ಚಕ್ರವನ್ನು ಒರೆಸುತ್ತಾ, "ಇದನ್ನ ಎತ್ತಿಟ್ಟಿರ್ತೀನಿ," ಎಂದರು. "ಮನೇಲಿ ಮಾತಾಡ್ಕೊಂಡು ಬನ್ನಿ. ಇದು ಚಕ್ರದ ವಿಷಯ ಅಲ್ಲ."

ಮನೆಗೆ ಹೋದೊಡನೆ ವಸುಧಾ ನೇರವಾಗಿ ವಿಷಯಕ್ಕೆ ಬಂದಳು. "ಒಂದು ಬೆರಳು ಆಚೆ ಬರುತ್ತೆ ಅಪ್ಪ. ನಾನು ಸ್ವಲ್ಪ ಎಡಕ್ಕೆ ಸರಿದು ಬರ್ತೀನಿ. ಆಗ ನಿನ್ನ ಕಡ್ಡಿ ಹಿಡಿಯುತ್ತೆ."

"ನಿಮ್ಮ ತಾತ ಹಾಗೆ ತರ್ತಿರಲಿಲ್ಲ."

"ತಾತ ಯಾಕೆ ತರ್ತಿರಲಿಲ್ಲ ಅಂತ ಚಿಕ್ಕಪ್ಪ ಹೇಳಿದ್ರು."

ಅಣ್ಣ ನನ್ನ ಕಡೆ ತಿರುಗಿದ. "ಪೇಪರ್ ಬಿಟ್ರೂ ಸುದ್ದಿ ಬಿಡ್ಲಿಲ್ಲ ನೀನು."

"ಬುಟ್ಟಿ ಇಲ್ವಲ್ಲೋ ಅಲ್ಲಿ," ಎಂದೆ.

"ಇಲ್ಲ ಅಂತ ನನಗೆ ಗೊತ್ತಿಲ್ವಾ?" ಎಂದ. ಅತ್ತಿಗೆ ತಟ್ಟೆಗಳನ್ನು ಇಟ್ಟು ಹೋದರು. ಅವಲಕ್ಕಿ ಅರ್ಧ ಮುಗಿದ ಮೇಲೆ ಅಣ್ಣ ಹೇಳಿದ: "ತರಿಸ್ಕೊಳ್ಳಿ. ಕಡ್ಡಿ ಹಿಡೀಬೇಕು, ಅಷ್ಟೆ. ಎರಡೂ ಕಡೆ ನೋಡ್ತೀನಿ."

ಆಯುಧಪೂಜೆಯ ಹಿಂದಿನ ಸಂಜೆ ವಸುಧಾ ಗ್ಯಾರೇಜಿನಿಂದ ಕಾರು ತಂದಳು. ಬೂದು ಚಕ್ರದ ಮೇಲೆ ತಿಳಿನೀಲಿ ಮೈ, ವಯಸ್ಸಾದವರು ಹೊಸ ಚಪ್ಪಲಿ ಹಾಕಿದಂತೆ ಕಾಣುತ್ತಿತ್ತು. ಕೆಟ್ಟದಾಗಿ ಕಾಣಲಿಲ್ಲ. ಮುಖ ನೋಡಿಕೊಳ್ಳುವ ಮುಚ್ಚಳ ಇರಲಿಲ್ಲ. ಅಣ್ಣ ಊರುಗೋಲು ಹಿಡಿದು ಗೇಟಿನ ಒಳಗೆ ನಿಂತಿದ್ದ. ನಾನು ಕಡ್ಡಿಯನ್ನು ಅವನ ಕೈಗೆ ಕೊಟ್ಟೆ.

ಕಾರು ಬೀದಿಯಿಂದ ತಿರುಗಿತು. ನಾನು ಕೈ ಬೀಸಿ, "ಬರ್ಲಿ, ಬಲಕ್ಕೆ, ಬಲಕ್ಕೆ," ಎಂದೆ.

"ಸುಮ್ನಿರೋ," ಎಂದ ಅಣ್ಣ.

ವಸುಧಾ ನಿಧಾನವಾಗಿ ಚಪ್ಪಡಿಗಳ ನಡುಮಧ್ಯಕ್ಕೆ ತಂದು, ಮುಂದಿನ ಚಕ್ರಗಳು ಗುಂಡುಕಲ್ಲುಗಳ ನೇರಕ್ಕೆ ಬಂದಾಗ ನಿಲ್ಲಿಸಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಕುರ್ಚಿಯಲ್ಲಿ ಕೂತ ರೋಗಿಯ ಹಾಗೆ ಕಾದಳು.

ಅಣ್ಣ ಬಲಗಡೆಯ ಕಲ್ಲಿನ ಬಳಿ ಕಷ್ಟಪಟ್ಟು ಬಗ್ಗಿದ. ಕಡ್ಡಿ ಹಿಡಿದ. ಹಿಡಿದು ಜಾಗ ಮಿಕ್ಕಿತು. ಎದ್ದು, ಬಾನೆಟ್ಟಿನ ಮೇಲೆ ಒಂದು ಕೈ ಊರಿಕೊಂಡು ಎಡಗಡೆಗೆ ಬಂದ. ಅಲ್ಲಿಯೂ ಬಗ್ಗಿದ. ಅಲ್ಲಿಯೂ ಕಡ್ಡಿ ಹಿಡಿದು ಜಾಗ ಮಿಕ್ಕಿತು. ಆದರೆ ಅವನು ಏಳಲಿಲ್ಲ. ಟೈರಿಗೂ ಕಲ್ಲಿಗೂ ನಡುವಿನ ನೆಲವನ್ನು ನೋಡುತ್ತಾ ಇದ್ದ.

"ಇಲ್ಲಿ ಬುಟ್ಟಿ ಇಡೋಕೆ ಆಗಲ್ಲ," ಎಂದ.

ವಸುಧಾ ಎಂಜಿನ್ನು ಆರಿಸಿದಳು. "ಇಲ್ಲ ಅಪ್ಪ," ಎಂದಳು. "ಆಗಲ್ಲ."

ಬೀದಿಯಲ್ಲಿ ಒಂದು ಆಟೋ ನಿಂತು ಹಾರನ್ ಹೊಡೆಯಿತು. ಕಾರಿನ ಹಿಂಭಾಗ ಇನ್ನೂ ರಸ್ತೆಯಲ್ಲಿತ್ತು. ಅಣ್ಣ ಗುಂಡುಕಲ್ಲನ್ನು ಹಿಡಿದು ಎದ್ದ. ಕಡ್ಡಿಯನ್ನು ನನ್ನ ಅಂಗಿಯ ಜೇಬಿಗೆ, ಪೆನ್ನಿನ ಪಕ್ಕ ಹಾಕಿದ. ಆಮೇಲೆ ಎಡಗಡೆಯ ಕಂಬಕ್ಕೆ ಬೆನ್ನು ಕೊಟ್ಟು, ಅವಳು ಕೂರುತ್ತಿದ್ದ ಜಾಗದಲ್ಲಿಯೇ ನಿಂತು, ಕಾಲು ಒಳಕ್ಕೆ ಎಳೆದುಕೊಂಡು ಕೈ ಬೀಸಿದ.

"ಬರ್ಲಿ ಮರಿ," ಎಂದ. "ಬರ್ಲಿ, ಬರ್ಲಿ. ಮಧ್ಯದಲ್ಲೇ ಬರ್ಲಿ."